ಹಿತ್ತಿಲ ಮಣ್ಣಿನ ಕೋಣೆ

ಜನವರಿ 18

‘ನಿಂತುಕೊಂಡ ಹೊಲವೇ ಗೋಡೆ’ ಎಂದೇನೋ ಒಂದು ಸಾಲು. ಎಲ್ಲಿ ಓದಿದೆನೋ ನೆನಪಿಲ್ಲ. ಓದಿದ್ದೋ, ನಾನೇ ಯಾವಾಗಲೋ ಕಟ್ಟಿಕೊಂಡದ್ದೋ, ಅದೂ ಖಚಿತವಿಲ್ಲ. ಅದರ ಹಿಂದೆ ಇನ್ನೊಂದು ಸಾಲಿತ್ತು, ಅದು ಬಿದ್ದುಹೋಗಿದೆ. ಬೆಳಿಗ್ಗೆ ಪಾತ್ರೆ ತೊಳೆಯುವಾಗ, ಕಾಲೇಜಿನಲ್ಲಿ ಹಾಜರಿ ಕೂಗುವಾಗ ಇದೇ ಗುನುಗು. ಆದರೆ ಹೊಲ ಯಾಕೆ ನಿಂತುಕೊಳ್ಳಬೇಕು? ಮಲಗಿದ್ದರೇ ಅಲ್ಲವೇ ಅದು ಹೊಲ? ಎಬ್ಬಿಸಿ ನಿಲ್ಲಿಸುವ ಮುನ್ನ ಯಾರಾದರೂ ಅದನ್ನು ಕೇಳಿದ್ದರೇ?

ಸಂಜೆ ಕಂಪ್ಲಿಯಿಂದ ಮೈದುನ ಬಸವಕುಮಾರ್ ಫೋನ್ ಮಾಡಿದ. ಹಳೆಯ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸುತ್ತಾನಂತೆ. ಅದು ಮುಗಿಯುವವರೆಗೆ ಅವನ ಸಂಸಾರ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಯುಗಾದಿ ಮುಗಿಸಿ ಅತ್ತೆಯನ್ನು ಇಲ್ಲಿಗೆ, ಹೊಸಪೇಟೆಗೆ, ತಂದು ಬಿಡುತ್ತಾನೆ.

ಅವನು ಹೇಳಿದ್ದು ಅಷ್ಟೇ. ನನ್ನ ಕಣ್ಣ ಮುಂದೆ ಬಂದದ್ದು ಹೋದ ಬೇಸಿಗೆ. ನಮ್ಮ ಮನೆಯ ಹಿಂದಿನ ಕೋಣೆ, ಮೇಲೆ ಕಾದ ಕಾಂಕ್ರೀಟು, ಕರೆಂಟ್ ಇಲ್ಲ, ನೆಲದ ಮೇಲೆ ಅತ್ತೆ. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಇನ್ನೊಂದು ಬೇಸಿಗೆ ಈ ಸೂರಿನ ಕೆಳಗೆ ಕಳೆದರೆ ನಾನು ಹೊಣೆಯಲ್ಲ ಎಂದಿದ್ದರು ಡಾಕ್ಟರು. ಅಲ್ಲಿಂದ ನೇರ ಕಂಪ್ಲಿಗೆ ಒಯ್ದೆವು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ವಾರದೊಳಗೆ ಅತ್ತೆ ಎದ್ದು ಓಡಾಡತೊಡಗಿದರು.

ಹಿತ್ತಿಲಲ್ಲಿ ಜಾಗವಿದೆ. ಅಲ್ಲೊಂದು ಮಣ್ಣಿನ ಕೋಣೆ ಕಟ್ಟಿಸುತ್ತೇನೆ. ಬಿಸಿಲು ಏರುವುದರೊಳಗೆ.

ಜನವರಿ 25

ಇವರು ಯಶವಂತನಗರದಿಂದ ಕಂಪನಿ ಬಸ್ಸಿನಲ್ಲಿ ಬಂದರು. ವಾರಕ್ಕೊಮ್ಮೆ ಬರುವ ಗಂಡನ ಜೊತೆ ಜಗಳ ಆಡಬಾರದೆಂದುಕೊಂಡಿರುತ್ತೇನೆ. ಊಟಕ್ಕೆ ಕೂತ ಮೇಲೆ ಆಡಿದ್ದಾಯಿತು.

“ಎಸಿ ಹಾಕಿಸಿದ್ರ ಮುಗೀತು” ಎಂದರು.

ಎಸಿ ಹಾಕಿದರೆ ಅತ್ತೆಗೆ ಮೂಳೆ ನೋವು, ಕರೆಂಟ್ ಹೋದರೆ ಅದೂ ಒಂದು ಪೆಟ್ಟಿಗೆ ಎಂದೆ. ಈ ಬಡಾವಣೆಯ ಮನೆಗಳೆಲ್ಲ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಳಗಿದ್ದವರ ಮೇಲೆ ಕಾರುತ್ತವೆ, ಪಟ್ಟಣದಲ್ಲಿದ್ದೇವೆಂದು ಬೇಯಲೇಬೇಕೇ ಎಂದೆ. ಮಣ್ಣು ಉಸಿರಾಡುತ್ತದೆ ಎಂದೂ ಅಂದೆನೇನೋ. ಇವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ನಮ್ಮವ್ವಗ ಕೇಳೀಯೇನು?” ಎಂದರು. ಅವರ ಒಳ್ಳೆಯದಕ್ಕೆ ಮಾಡುವುದನ್ನು ಕೇಳುವುದೇನು ಎಂದೆ. ಕೊನೆಗೆ ಒಪ್ಪಿದರು. ಸಂಡೂರಿನ ಹತ್ತಿರ ಗುರುತಿನ ರೈತರೊಬ್ಬರು ಹೊಲದಲ್ಲಿ ಕೃಷಿ ಹೊಂಡ ತೋಡಿಸುತ್ತಿದ್ದಾರೆ, ಕೆಂಪು ಮಣ್ಣು ಅಲ್ಲಿಂದ ಕಳಿಸುತ್ತಾರಂತೆ.

ಫೆಬ್ರವರಿ 8

ಮೇಸ್ತ್ರಿ ಸುಂಕಪ್ಪನನ್ನು ಹುಡುಕಿಕೊಂಡು ಹಂಪಿಗೆ ಹೋಗಿದ್ದೆ. ಅಲ್ಲೊಂದು ಗೆಸ್ಟ್ ಹೌಸಿನಲ್ಲಿ ಮಣ್ಣಿನ ಕುಟೀರ ಕಟ್ಟಿದ್ದಾನೆಂದು ಕೇಳಿದ್ದೆ. ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಕಾದು ಕೂತೆ. ಹೊರಗೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು, ಕಲ್ಲಿನ ಕೆಳಗೆ ಯಾರೋ ಒದ್ದೆ ಬಟ್ಟೆ ಹೊದಿಸಿದ ಹಾಗೆ ತಂಪು.

ಸುಂಕಪ್ಪ ಬಾಳೆತೋಟದ ದಾರಿಯಿಂದ ಸೈಕಲ್ ತಳ್ಳಿಕೊಂಡು ಬಂದ. ಮಾತುಗಾರ. ಕುಟೀರ ತೋರಿಸಿದ. ಚೆನ್ನಾಗಿತ್ತು. ವಿಚಾರಿಸಿದಾಗ ಗೊತ್ತಾಯಿತು, ಕುಟೀರ ಕಟ್ಟಿದವರು ಬೇರೆ, ಇವನು ಕಟ್ಟಿದ್ದು ಅದರ ಹಿಂದಿನ ಪಾಯಖಾನೆ. “ಆದ್ರ ದಿನಾ ನೋಡ್ತಿದ್ದೆ ಬಿಡ್ರಿ ಮೇಡಂ” ಎಂದ. ನಗು ಬಂತು. ಬೇರೆ ಯಾರೂ ಸಿಗಲಿಲ್ಲ.

ಫೆಬ್ರವರಿ 16

ಟ್ರ್ಯಾಕ್ಟರ್ ಬಂತು. ಹಿತ್ತಿಲ ಕಾಂಪೌಂಡಿಗೆ ಒರಗಿಸಿ ಮಣ್ಣು ಸುರಿದರು. ಎಂಥ ಬಣ್ಣ! ಕುಂಕುಮಕ್ಕೂ ಇಟ್ಟಿಗೆಗೂ ನಡುವೆ ಹೆಸರಿಲ್ಲದ ಒಂದು ಕೆಂಪು. ಗೋಡೆಗೆ ಗಿಲಾವು ಬೇಡ, ಹಾಗೇ ಬಿಡಬೇಕು ಎಂದು ಆಗಲೇ ನಿಶ್ಚಯಿಸಿದೆ.

ಗಾಳಿ ಇತ್ತು. ಧೂಳು ಪಕ್ಕದ ಮನೆಯ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳ ಮೇಲೆ ಕೂತಿತು. ಹೊನ್ನೂರಮ್ಮ ಹೊರಗೆ ಬಂದರು. ಬಿಳಿ ದುಪ್ಪಟಿಯನ್ನು ಎರಡೂ ಕೈಯಲ್ಲಿ ಹಿಡಿದು, ನನಗೆ ಕಾಣುವಂತೆ ಒಮ್ಮೆ ಕೊಡವಿದರು.

“ನಾವು ಬೆವರು ಸುರ್ಸಿ ಮಣ್ಣಿನ ಮನಿ ಬಿಟ್ಟು ಬಂದೀವಿ. ನೀವು ಎಂಎ ಓದಿ ಮಣ್ಣಿನ ಮನಿಗೆ ಹೊಂಟೀರಿ. ಹೋಗ್ರಿ, ನನ್ನ ಗ್ವಾಡಿಗ್ಯಾಕ ಹಚ್ಚತೀರಿ?”

ಒಂದೆರಡು ದಿನ ಸಹಿಸಿಕೊಳ್ಳಿ ಎಂದೆ. ಅವರು ಬಕೆಟ್ಟಿಗೆ ದುಪ್ಪಟಿ ಅದ್ದಿ ಮತ್ತೆ ತೊಳೆಯತೊಡಗಿದರು. ಅಷ್ಟು ಜೋರಾಗಿ ಒಗೆಯುವ ಅಗತ್ಯವಿರಲಿಲ್ಲ. ಸಿಮೆಂಟನ್ನು ದೇವರೆಂದುಕೊಂಡವರಿಗೆ ಏನು ಹೇಳುವುದು.

ಮಾರ್ಚ್ 2

ಬಾಡಿಗೆಗೆ ತಂದ ಯಂತ್ರದಲ್ಲಿ ಇಟ್ಟಿಗೆ ಒತ್ತುತ್ತಿದ್ದಾರೆ. ಮಣ್ಣು, ಮರಳು, ಒಂದಿಷ್ಟು ಸುಣ್ಣ. ಬೆಂಕಿ ಬೇಡ, ಭಟ್ಟಿ ಬೇಡ. ಸಾಲಾಗಿ ಜೋಡಿಸಿ ಒದ್ದೆ ಗೋಣಿಚೀಲ ಹೊದಿಸುತ್ತಾರೆ. ನಾಲ್ಕು ವಾರ ಹಾಗೇ ಇಡಬೇಕಂತೆ. ನಾಲ್ಕು ವಾರ ನನ್ನಲ್ಲಿಲ್ಲ ಎಂದೆ ಸುಂಕಪ್ಪನಿಗೆ. “ನೀವು ಹೂಂ ಅಂದ್ರ ನಾಳೇನೇ ಗ್ವಾಡಿ ಏರಸ್ತೀನಿ” ಎಂದ.

ಹೂಂ ಎಂದೆ.

ಮಾರ್ಚ್ 15

ಗೋಡೆ ಸೊಂಟದ ಮೇಲೆ ಬಂದಿದೆ. ಸುಂಕಪ್ಪ ಪ್ರತಿ ಇಟ್ಟಿಗೆಯನ್ನೂ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಕಾದು, ಎತ್ತಿ ಇಡುತ್ತಾನೆ. ಮಗುವಿಗೆ ಎರೆದ ಹಾಗೆ ಎಂದೆ. ನೆನೆಸದ ಇಟ್ಟಿಗೆ ಇಡುವುದೆಂದರೆ ಮೈ ತೊಳೆಯದ ಮದುಮಗನನ್ನು ಹಸೆಗೆ ಕೂರಿಸಿದ ಹಾಗೆ ಎಂದ. ಸಂಜೆಯವರೆಗೂ ಅದನ್ನೇ ನೋಡುತ್ತ ಕೂತಿದ್ದೆ. ಕೆಲಸವೂ ಒಂದು ಲಯ.

ಕಂಪ್ಲಿಯಿಂದ ಎರಡು ತೊಲೆ ಬಂದವು. ಕೆಡವಿದ ಮನೆಯವು. ಬೇವಿನ ಮರ, ಹೊಗೆ ಹಿಡಿದು ಕಪ್ಪಾಗಿದೆ. ಈ ಕೋಣೆಗೆ ಅವೇ. ಅತ್ತೆಗೆ ತಮ್ಮ ಮನೆಯೇ ಇಲ್ಲಿಗೆ ಬಂತು ಅನ್ನಿಸಲಿ.

ಮಾರ್ಚ್ 22

ಕೆಲಸ ನಿಂತಿದೆ.

ನಗರಸಭೆಯಿಂದ ಒಬ್ಬರು ಬಂದಿದ್ದರು. ದೂರು ಬಂದಿದೆ, ಕಾಂಪೌಂಡಿನಿಂದ ಜಾಗ ಬಿಡದೆ ಕಟ್ಟಿದ್ದೀರಿ, ನಕ್ಷೆ ಇಲ್ಲ, ಎಂಜಿನಿಯರ್ ರುಜು ಇಲ್ಲ. ಯಾರ ದೂರು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಪಕ್ಕದ ಮನೆಯ ಕಿಟಕಿಯ ಪರದೆ ಅಲ್ಲಾಡಿತು. ಈ ಓಣಿಯಲ್ಲಿ ಯಾರು ಜಾಗ ಬಿಟ್ಟು ಕಟ್ಟಿದ್ದಾರೆ ಹೇಳಿ ಎಂದೆ. ಅವರದರ ಮೇಲೆ ದೂರು ಬಂದಿಲ್ಲವಲ್ಲ ಎಂದರು. ಅದು ಸರಿಯೇ.

ಹೊರಡುವ ಮುನ್ನ ಆತ ಗೋಡೆಯ ಮೇಲೆ ಅಂಗೈ ಇಟ್ಟು ನಿಂತರು. “ಒಳಗ ಖರೇನ ತಂಪಿರ್ತದೇನ್ರಿ? ನಮ್ಮನಿ ಮ್ಯಾಲಿನ ಖೋಲ್ಯಾಗ ಮಧ್ಯಾಹ್ನ ಕುಂದ್ರಾಕ ಆಗಂಗಿಲ್ಲ.” ಆಮೇಲೆ ನೋಟಿಸ್ ಕೊಟ್ಟರು.

ಯುಗಾದಿ ಹತ್ತಿರ ಬಂತು. ಗೋಡೆಗಳು ತಲೆಯೆತ್ತರಕ್ಕಿವೆ, ಮೇಲೆ ಏನೂ ಇಲ್ಲ.

ಮಾರ್ಚ್ 24

ಎಂಜಿನಿಯರ್ ಸಿಗಲಿಲ್ಲ.

ಮಾರ್ಚ್ 25

ಸಿಗಲಿಲ್ಲ. ಹೊನ್ನೂರಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದರು. ಮುಖ ತಿರುಗಿಸಿ ಬಂದೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ.

ಏಪ್ರಿಲ್ 1

ಅತ್ತೆ ಬಂದರು. ಮೊದಲಿಗಿಂತ ಕುಗ್ಗಿದ್ದಾರೆ. ಕೋಲು ಹಿಡಿದು ಹಿತ್ತಿಲವರೆಗೆ ನಡೆದರು. ಸೂರಿಲ್ಲದ ಕೆಂಪು ಗೋಡೆಗಳನ್ನು ನೋಡಿದರು, ನೆಲದ ಮೇಲೆ ಮಲಗಿಸಿದ ತೊಲೆಗಳನ್ನು ನೋಡಿದರು. ನಿಮಗೇ ಅತ್ತೆ ಎಂದೆ.  ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋಗಿ, ಅದೇ ಕಾಂಕ್ರೀಟಿನ ಕೋಣೆಯಲ್ಲಿ ಹಾಸಿಗೆ ಬಿಡಿಸಿದರು.

ಇವರು ಫೋನಿನಲ್ಲಿ ಕೇಳಿದರು, ಅವ್ವ ಏನಂದಳು. ಪ್ರಯಾಣದ ಆಯಾಸ ಎಂದೆ.

ಸಂಜೆ ನೋಡಿದರೆ ಅತ್ತೆ ಹೊನ್ನೂರಮ್ಮನ ಕಟ್ಟೆಯ ಮೇಲೆ ಕೂತಿದ್ದಾರೆ. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ನಗುತ್ತಿದ್ದರು. ನಾನು ಗೇಟಿನ ಹತ್ತಿರ ಬಂದೊಡನೆ ಮಾತು ನಿಂತಿತು.

ಏಪ್ರಿಲ್ 7

ಮಧ್ಯಾಹ್ನ ಜಂಬುನಾಥನ ಗುಡ್ಡದ ಕಡೆ ಆಕಾಶ ಕಪ್ಪಾಯಿತು. ಹುಚ್ಚು ಗಾಳಿ, ಆಮೇಲೆ ಅಡ್ಡಮಳೆ. ನಾನು ಕಾಲೇಜಿನಲ್ಲಿದ್ದೆ. ಆಟೋದವನಿಗೆ ಜಲ್ದಿ ಜಲ್ದಿ ಎನ್ನುತ್ತ ಬರುವಷ್ಟರಲ್ಲಿ ಗೋಡೆಯ ಮೇಲೆ ಹೊದಿಸಿದ್ದ ತಾಡಪಾಲು ಬೀದಿಗೆ ಹಾರಿತ್ತು.

ಕಾಂಪೌಂಡಿನ ಕಡೆಯ ಗೋಡೆ ಕುಸಿದಿದೆ. ಕಾಂಪೌಂಡಿನ ಮೇಲಿಂದ ಹೊನ್ನೂರಮ್ಮನ ಹಿತ್ತಿಲಿಗೆ. ಅವರ ಬಚ್ಚಲ ಒಲೆ ಮಣ್ಣಿನೊಳಗೆ ಹೂತುಹೋಗಿತ್ತು, ತಾಮ್ರದ ಹಂಡೆ ಉರುಳಿ ಮೂಲೆಗೆ ಬಿದ್ದಿತ್ತು. ಅವರ ಮಗಳು ಭಾಗ್ಯ ಚೊಚ್ಚಲ ಹೆರಿಗೆಗೆ ಬಂದು ವಾರವಾಗಿದೆ. ಆಕೆ ಅಲ್ಲೇ ನೀರು ಕಾಯಿಸುತ್ತಿದ್ದಳಂತೆ. ಮಳೆ ಬಂತೆಂದು ಒಣಗಿದ ಮೆಣಸಿನಕಾಯಿ ಎತ್ತಲು ಮುಂದಿನ ಅಂಗಳಕ್ಕೆ ಹೋಗಿದ್ದಳು.

ಮೆಣಸಿನಕಾಯಿ ಒಣಗಲು ಹಾಕಿರದಿದ್ದರೆ?

ಗೋಡೆ ಮತ್ತೆ ಹೊಲವಾಗಿ ಮಲಗಿತ್ತು. 

ಏಪ್ರಿಲ್ 8

ಸುಂಕಪ್ಪ ಬಂದು ಬಿದ್ದ ಇಟ್ಟಿಗೆಯನ್ನು ಹೆಬ್ಬೆರಳಿಂದ ಒತ್ತಿದ. ಒಳಗೆ ಹಿಟ್ಟಿನ ಹಾಗೆ ಕುಸಿಯಿತು. ಯಂತ್ರ ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿದೆ. ಸುಡದ ಇಟ್ಟಿಗೆಯನ್ನು ಯಾರಾದರೂ ನೀರಲ್ಲಿ ಮುಳುಗಿಸುತ್ತಾರೆಯೇ, ಚಿಮುಕಿಸಿದರೆ ಸಾಕು ಎಂದರು. ಅದೂ ಹಸಿ ಇಟ್ಟಿಗೆ. ಸುಂಕಪ್ಪನ ಮುಖ ಬಾಡಿತು. ಜೀವಮಾನವೆಲ್ಲ ಸುಟ್ಟ ಇಟ್ಟಿಗೆ ಇಟ್ಟ ಕೈ. ನಾನು ಎರೆದ ಹಾಗೆ, ಲಯ ಎಂದೆಲ್ಲ ನೋಡುತ್ತ ಕೂತಿದ್ದೆ. ಅವಸರ ಮಾಡಿದ್ದೂ ನಾನೇ. 

ಬುಟ್ಟಿ, ಸಲಿಕೆ ತೆಗೆದುಕೊಂಡು ಹೊನ್ನೂರಮ್ಮನ ಹಿತ್ತಿಲಿಗೆ ಹೋದೆ. ಬಾಗಿಲು ತೆರೆದು ಪಕ್ಕಕ್ಕೆ ಸರಿದರು. ಮಣ್ಣು ಎತ್ತಿದೆ. ಬೆನ್ನು ಬಗ್ಗದು, ಸೀರೆ ಮೊಣಕಾಲವರೆಗೆ ಕೆಂಪು. ಅವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಎದ್ದು ಬಂದು ಹಂಡೆಯನ್ನು ನೆಟ್ಟಗೆ ನಿಲ್ಲಿಸಿದರು. ಮಾತಾಡಿದ್ದು ಹಂಡೆಯ ಜೊತೆಗೋ ನನ್ನ ಜೊತೆಗೋ.

“ನಮ್ಮ ಮನ್ಯಾರು ಯಶವಂತನಗರದಾಗ ಅದಿರು ತುಂಬ್ತಿದ್ರು. ಕೆಮ್ಮಿದ್ರ ಟವೆಲ್ ಕೆಂಪಾಗ್ತಿತ್ತು. ರಕ್ತ ಯಾವ್ದು, ಧೂಳ ಯಾವ್ದು ಅಂತ ನನಗ ಕಡೀಗೂ ಗೊತ್ತಾಗ್ಲಿಲ್ಲ. ಒಗದಿದ್ದು ಬಿಳೀ ಆಗಿ ಒಣಗ್ಲಿ ಅಂತ ಈ ಊರಿಗೆ ಬಂದೀವಿ, ಮೇಡಂ. ಅಷ್ಟ ಆಸಿ ಇತ್ತು.”

ಉಚ್ಚೆಂಗಪ್ಪ ಎಂದು ಅವರ ಗೇಟಿನ ಮೇಲೆ ಹೆಸರಿದೆ. ಹನ್ನೊಂದು ವರ್ಷ ಪಕ್ಕದಲ್ಲಿದ್ದು, ಆ ಹೆಸರಿನ ಮನುಷ್ಯ ಹೇಗೆ ಹೋದರೆಂದು ನನಗೆ ತಿಳಿದಿರಲಿಲ್ಲ.

ಒಲೆಯನ್ನು ಸುಂಕಪ್ಪ ಹೊಸದಾಗಿ ಹಾಕಿಕೊಟ್ಟ. ಉಳಿದ ಮಣ್ಣಿನ ಗುಡ್ಡೆಗೆ ಒದ್ದೆ ಗೋಣಿ ಹೊದಿಸಿದೆ. ಹಾರಬಾರದು.

ಏಪ್ರಿಲ್ 12

ಎಂಜಿನಿಯರ್ ಸಿಕ್ಕರು. ನಿಂತಿದ್ದ ಮೂರು ಗೋಡೆಗಳನ್ನು ಬಡಿದು ನೋಡಿ, ಇವು ಒಣಗಿ ಗಟ್ಟಿಯಾಗಿವೆ ಎಂದರು. ಗೋಡೆಯನ್ನು ಕಾಂಪೌಂಡಿನಿಂದ ಮೂರಡಿ ಒಳಕ್ಕೆ ತೆಗೆದುಕೊಂಡರೆ ರುಜು ಹಾಕುತ್ತೇನೆ ಎಂದರು. ಕೋಣೆ ಚಿಕ್ಕದಾಗುತ್ತದೆ. ಆಗಲಿ ಎಂದೆ. ಒತ್ತಿ ಇಟ್ಟು ಉಳಿದಿದ್ದ ಇಟ್ಟಿಗೆಗಳಿಗೆ ಈಗ ಆರು ವಾರ. ಕಲ್ಲಿನ ಹಾಗಿವೆ.

ಏಪ್ರಿಲ್ 17

ಬೆಳಿಗ್ಗೆ ಒಂಬತ್ತಕ್ಕೇ ಟೆರೇಸಿನ ಮೇಲೆ ಕಾಲಿಡಲು ಆಗುವುದಿಲ್ಲ. ನಲ್ಲಿಯ ಹತ್ತಿರ ಅತ್ತೆ ಗೋಡೆ ಹಿಡಿದು ನಿಂತಿದ್ದರು. ಕಣ್ಣು ಕತ್ತಲೆ ಬಂತೇ ಎಂದರೆ ಇಲ್ಲ ಎಂದರು. ಬಂದಿತ್ತು.

ಇನ್ನು ಎರಡು ವಾರ ತಡೆದುಕೊಳ್ಳಿ, ನಿಮ್ಮ ಕೋಣೆ ಮುಗಿಯುತ್ತದೆ ಎಂದೆ. ಅಷ್ಟು ದಿನ ಮುಚ್ಚಿಟ್ಟದ್ದು ಹೊರಗೆ ಬಂತು.

“ನಾ ಏನು ತಪ್ಪು ಮಾಡೀನಂತ ಮತ್ತ ಮಣ್ಣಿನ ಮನಿಗೆ ಹಾಕ್ತೀ, ಶೈಲಾ? ವರ್ಷಾ ಮಳಿ ಬರೋದ್ರಾಗ ಮಾಳಿಗಿ ಮ್ಯಾಲೆ ಸವಳು ಮಣ್ಣು ಹೊತ್ತು ಹಾಕಿ ಹಾಕಿ ನನ್ನ ನೆತ್ತಿ ಕೂದ್ಲ ಹೋದ್ವು. ನಿನ್ನ ಗಂಡ ವಿಜಯ ತೊಟ್ಲಾಗ ಇದ್ದಾಗ ಸೋರಿದ್ರ ಎಲ್ಲಿ ಸರಿಸ್ಲಿ? ತೊಲಿಗೆ ತೊಟ್ಲ ಕೊಂಡಿ ಒಂದ, ಸೋರೋ ಜಾಗ ಹತ್ತು. ನನ್ನ ಮಗ ಸಿಮೆಂಟಿನ ಮನಿ ಕಟ್ಟಿದ ದಿನ ನಾ ಊರ ಮಂದಿಗೆಲ್ಲ ಸಕ್ರಿ ಹಂಚೀನಿ.”

ಕಂಪ್ಲಿಯಲ್ಲಿ ನಿಮಗೆ ಆರಾಮಾಯಿತಲ್ಲ, ಅಲ್ಲಿ ತಂಪಿತ್ತಲ್ಲ ಎಂದೆ.

“ಮೊಮ್ಮಕ್ಕಳಿದ್ವು. ಬಾಗ್ಲಾಗ ಕುಂತ್ರ ಹೋಗೋರು ಬರೋರು ಮಾತಾಡಸ್ತಿದ್ರು. ಇಲ್ಲಿ ನೀ ಕಾಲೇಜಿಗೆ ಹೋದ್ರ ನನಗ ಫ್ಯಾನು ಜೋಡಿ. ಆ ಫ್ಯಾನಿಗೂ ಕರೆಂಟ್ ಇರಂಗಿಲ್ಲ.”

ವಯಸ್ಸಾದವರ ಮಾತು. ಮಣ್ಣು ತಂಪೆನ್ನುವುದಂತೂ ನಿಜವೇ, ಅದರಲ್ಲಿ ತಪ್ಪಿಲ್ಲ.

ಏಪ್ರಿಲ್ 18

ಕೊನೆಯ ಪೀರಿಯಡ್ಡು ಬೇರೆಯವರಿಗೆ ಕೊಟ್ಟು ಬೇಗ ಬಂದೆ. ವಿಶೇಷ ಕಾರಣವೇನಿಲ್ಲ. ಅತ್ತೆ ಹುಣಸೆಹಣ್ಣು ಬಿಡಿಸುತ್ತಿದ್ದರು, ನಾನೂ ಕೂತೆ. ಸವಳು ಮಣ್ಣನ್ನು ಎಲ್ಲಿಂದ ತರುತ್ತಿದ್ದಿರಿ ಎಂದು ಕೇಳಿದೆ. ಹೊಳೆಯ ದಂಡೆಯ ಗದ್ದೆಯ ಅಂಚಿನಿಂದಂತೆ. ಹೆಂಗಸರೆಲ್ಲ ನಸುಕಿಗೇ ಸಾಲು ಹಿಡಿದು ಹೋಗುತ್ತಿದ್ದರಂತೆ. ಮೊದಲ ಬುಟ್ಟಿ ಹೊತ್ತವಳಿಗೆ ಉಳಿದವರು ಹಾಡು ಕಟ್ಟಿ ಅಣಕಿಸುತ್ತಿದ್ದರಂತೆ. ಆ ಹಾಡು ಯಾವುದು ಎಂದರೆ, ಸೊಸೆಯಂದಿರ ಎದುರು ಹೇಳುವಂಥದ್ದಲ್ಲ ಎಂದು ನಕ್ಕರು.

ಏಪ್ರಿಲ್ 28

ತೊಲೆ ಏರಿತು. ಮೇಲೆ ಜಂತೆ, ಕಡಪ ಕಲ್ಲು, ಅದರ ಮೇಲೆ ಸುಣ್ಣದ ಗಾರೆ. ಕೊಡಪಾನಗಟ್ಟಲೆ ನೀರು ಸುರಿದು ನಾನೇ ಒಳಗೆ ನಿಂತು ನೋಡಿದೆ. ಒಂದು ಹನಿ ಇಳಿಯಲಿಲ್ಲ.

ಅತ್ತೆ ಕೋಲೂರಿಕೊಂಡು ಬಂದರು. ಹೊಸ್ತಿಲು ದಾಟಲಿಲ್ಲ. ತಲೆ ಎತ್ತಿ ಸೂರು ನೋಡಿದರು. ವರ್ಷಾವರ್ಷ ಮಣ್ಣು ಹೊರುವುದು ಇಲ್ಲ ಅತ್ತೆ, ಇದು ಗಾರೆ ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಕೋಲಿನ ತುದಿಯನ್ನು ತೊಲೆಯ ನಡುವಿಗೆ ತೋರಿಸಿದರು. ಅಲ್ಲೊಂದು ಸವೆದ ತೂತು, ಸುತ್ತ ತುಕ್ಕಿನ ಕಲೆ.

“ಕೊಂಡಿ ಎಲ್ಲಿ?”

ಕೆಡವುವಾಗ ಗುಜರಿಗೆ ಹೋಗಿರಬೇಕು ಎಂದೆ.

“ಕೊಂಡಿ ಇಲ್ಲದ ತೊಲಿ ಎಂಥಾ ತೊಲಿ. ಮೂಗುತಿ ಇಲ್ಲದ ಮೂಗಿನಂಗ.”

ಈ ಮನೆಯಲ್ಲಿ ತೊಟ್ಟಿಲು ತೂಗಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷ. ಆಸ್ಪತ್ರೆ, ಹರಕೆ, ಎಲ್ಲ ಮುಗಿದು, ಆ ಮಾತೂ ಮುಗಿದು ಎಷ್ಟೋ ಕಾಲವಾಯಿತು. ಅತ್ತೆ ಒಂದು ದಿನವೂ ಆಡಿ ತೋರಿಸಿದವರಲ್ಲ. ಇವತ್ತು ಯಾಕೆ? ಅಡುಗೆಮನೆಗೆ ಬಂದು ನಲ್ಲಿ ತಿರುಗಿಸಿ ಸುಮ್ಮನೆ ನಿಂತಿದ್ದೆ.

ಏಪ್ರಿಲ್ 29

ಬಜಾರಿನಲ್ಲಿ ಕಬ್ಬಿಣದ ಕೊಂಡಿ ತಂದೆ. ಈ ಕೋಣೆಯಲ್ಲಿ ಅವರು ಬಾಯಿ ಬಿಟ್ಟು ಕೇಳಿದ್ದು ಅದೊಂದೇ. ಸುಂಕಪ್ಪ ಏನೂ ಕೇಳದೆ ಬಡಿದು ಕೂರಿಸಿದ. ಜೋತುಬಿದ್ದು ನೋಡಿದ. ನನ್ನ ಭಾರ ತಡೆದರೆ ಆನೆಮರಿಯನ್ನೂ ತೂಗಬಹುದು ಎಂದ.

ಮೇ 3

ಹೊನ್ನೂರಮ್ಮನ ಕಡೆಯ ಗೋಡೆಗೆ ಸುಣ್ಣ ಬಳಿಸಿದೆ. ಎರಡು ಕೈ. ಕೆಂಪು ಮುಚ್ಚಿತು. ಇನ್ನು ಮೂರು ಬದಿ ಇದೆ, ಅದು ಹಾಗೇ ಇರಲಿ. ಸುಂಕಪ್ಪ, “ನಿಮಗ ಕೆಂಪು ಭಾಳ ಇಷ್ಟ ಇತ್ತಲ್ರಿ?” ಎಂದ. ಮಳೆಗೆ ಒಳ್ಳೆಯದು ಎಂದೆ.

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ ಕೂತೆ. ಫ್ಯಾನ್ ಇಲ್ಲ. ಹೊರಗಿನ ಕಾವು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟ ಹಾಗೆ ನಿಂತುಬಿಟ್ಟಿತ್ತು. ಗೋಡೆಗೆ ಕೆನ್ನೆ ಇಟ್ಟೆ. ಒಂದು ತಂಪು ಗಡಿಗೆಗೆ ಒರಗಿದಂತೆ. ಎದ್ದು ಅತ್ತೆಯನ್ನು ಕರೆದೆ. ಬರಲಿಲ್ಲ.

ಮೇ 9

ಭಾಗ್ಯಳಿಗೆ ಹೆಣ್ಣುಮಗು. ಆಸ್ಪತ್ರೆಯಿಂದ ಇವತ್ತು ಬಂದರು. ಹೊನ್ನೂರಮ್ಮ ಅತ್ತೆಗೆ ಸಕ್ಕರೆ ಕೊಟ್ಟರು. ನನ್ನ ಕೈಗೂ ಹಾಕಿದರು, ಮುಖ ನೋಡದೆ.

ಮೇ 13

ಅತ್ತೆ ಊಟ ಬಿಟ್ಟಿದ್ದಾರೆ. ಮಜ್ಜಿಗೆ ಮಾತ್ರ. ಮಧ್ಯಾಹ್ನ ಅವರ ಕಾಂಕ್ರೀಟಿನ ಕೋಣೆಯೊಳಗೆ ಕಾಲಿಟ್ಟರೆ ರೊಟ್ಟಿಯ ಹಂಚಿನ ಕೆಳಗೆ ಹೋದ ಹಾಗೆ. ಡಾಕ್ಟರ ಮಾತು ನೆನಪಿಸಿದೆ, ಅತ್ತೆ ಅತ್ತ ಮುಖ ಮಾಡಿ ಮಲಗಿದರು. ಇವರು ಬಂದವರು ಅವ್ವನ ಕಾಲ ಹತ್ತಿರ ಕೂತು ಬೇಡಿಕೊಂಡರು. “ನಿನ್ನ ಮನ್ಯಾಗ ಸಾಯಾಕ ಜಾಗ ಕೊಡು, ಸಾಕು” ಎಂದರಂತೆ. ಹೊರಗೆ ಬಂದು ಇವರು ಅತ್ತದ್ದನ್ನು ನಾನು ನೋಡದ ಹಾಗೆ ಇದ್ದೆ.

ಹಿತ್ತಿಲಲ್ಲಿ ಆ ಕೋಣೆ ಖಾಲಿ ನಿಂತಿದೆ. ಬೀಗ ಹಾಕಿದ್ದೇನೆ.

ಮೇ 16

ಪಕ್ಕದ ಮನೆಯಲ್ಲಿ ಕೂಸು ಒಂದೇ ಸಮನೆ ಅಳುತ್ತದೆ. ಬಾಣಂತಿಗೆ ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚಿದ್ದಾರೆ. ಫ್ಯಾನ್ ಹಾಕುವಂತಿಲ್ಲ, ಕೂಲರ್ ಅಂತೂ ಮಾತೇ ಇಲ್ಲ. ಭಾಗ್ಯಳ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೇಲೆ ಆ ಕಾಂಕ್ರೀಟು. ಕೂಸಿನ ಮೈತುಂಬ ಬೆವರುಸಾಲೆ ಎದ್ದಿದೆ, ಹಾಲು ಹಿಡಿಯುತ್ತಿಲ್ಲ ಎಂದು ಅತ್ತೆ ಹೇಳಿದರು. ತಂಪಾದ ಜಾಗದಲ್ಲಿಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದಾರಂತೆ. ಗಾಳಿ ಇಲ್ಲದೆ ತಂಪು ಎಲ್ಲಿಂದ ತರಲಿ ಎಂದು ಹೊನ್ನೂರಮ್ಮ ಅತ್ತರಂತೆ.

ಗಾಳಿ ಇಲ್ಲದೆ ತಂಪು.

ಎರಡು ಸಲ ಗೇಟಿನವರೆಗೆ ಹೋದೆ. ಮಣ್ಣಿನ ಕೋಣೆಗೆ ಕರೆದರೆ ಗೆದ್ದವಳ ಹಾಗೆ ಕರೆದಳು ಅಂದುಕೊಳ್ಳುತ್ತಾರೆ. ಅವರು ಬೇಡ ಎಂದುಬಿಟ್ಟರೆ ಆಮೇಲೆ ಕೇಳುವ ದಾರಿಯೂ ಮುಚ್ಚುತ್ತದೆ. ಎರಡು ಸಲವೂ ವಾಪಸು ಬಂದೆ. ಕೊನೆಗೆ ಅತ್ತೆಯ ಎದುರು ಕೂತು, ಇಷ್ಟು ದಿನ ನಾನೇ ಹೇಳುತ್ತಿದ್ದೆ, ಈಗ ನೀವೇ ಹೇಳಿ ಅತ್ತೆ, ಏನು ಮಾಡಲಿ ಎಂದೆ.  ಅವರು ಮಜ್ಜಿಗೆ ಕೇಳಿದರು.

ಮೇ 17

ಇವತ್ತು ಮಧ್ಯಾಹ್ನ ಕರೆಂಟ್ ಹೋಗಿತ್ತು. ಪರೀಕ್ಷೆಯ ಕೆಲಸ ಅರ್ಧಕ್ಕೆ ಬಿಟ್ಟು ಬಂದೆ. ಮುಂಬಾಗಿಲು ತೆರೆದಿತ್ತು. ಅತ್ತೆಯ ಹಾಸಿಗೆ ಖಾಲಿ. ಬಚ್ಚಲು ನೋಡಿದೆ, ಹಿತ್ತಿಲು ನೋಡಿದೆ. ಮಣ್ಣಿನ ಕೋಣೆಯ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು, ಚಾವಿ ನನ್ನ ಚೀಲದಲ್ಲಿ. ಬೀದಿಯಲ್ಲಿ ನಾಯಿಯೂ ಇರಲಿಲ್ಲ.  ಹೋದ ವರ್ಷ ನೆಲದ ಮೇಲೆ ಬಿದ್ದಿದ್ದ ಆ ಕೈ ಕಣ್ಣಿಗೆ ಬಂತು.

ಇವರಿಗೆ ಫೋನ್ ಹಚ್ಚುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಹೊನ್ನೂರಮ್ಮ. ಕೂದಲು ಕೆದರಿತ್ತು, ಕಾಲಲ್ಲಿ ಚಪ್ಪಲಿ ಇಲ್ಲ. ಕೈಯಲ್ಲಿ ಅತ್ತೆಯ ಕೋಲು.

ಕೋಲೊಂದೇ. 

ಅವರು ಹೊಸ್ತಿಲಾಚೆಯೇ ನಿಂತರು. ಗೋಡೆ ಬಿದ್ದ ಮೇಲೆ ಮೊದಲ ಸಲ ನನ್ನ ಮುಖ ನೋಡಿದರು.

“ಗಾಬರಿ ಆಗಬ್ಯಾಡ್ರಿ, ಮೇಡಂ. ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡು ನಮ್ಮ ಮನ್ಯಾಗ ಕುಂತಾರ. ನಾ ಹೇಳಿದ್ರ ನೀವು ನಂಬಂಗಿಲ್ಲಂತ ಗುರ್ತಿಗೆ ಈ ಕೋಲು ಕೊಟ್ಟು ಕಳಿಸ್ಯಾರ. ಚಾವಿ ಈಸ್ಕೊಂಡು ಬಾ ಅಂದ್ರು. ಆ ಕ್ವಾಣ್ಯಾಗ ತೊಟ್ಲ ಕೊಂಡಿ ಐತಂತಲ್ರಿ. ಬಾಣಂತಿ ಒಬ್ಬಾಕಿ ಮಲಗಬಾರ್ದಂತ, ನಿಮ್ಮತ್ತಿ ತಾನೂ ಅಲ್ಲೇ ಮಲಗ್ತಾರಂತ.”